ಘಾಟಿಗೊಂದು ಹೆಸರು

ದುಬೈಗೆ ಬಂದ ಹೊಸತರಲ್ಲಿ ಒಂದು ದಿನ ನನ್ನ ಮೇಜಿನ ಮೇಲೆ ಮೂರು ಹಾಳೆ ಇದ್ದವು. ಮೂರರಲ್ಲೂ ಒಬ್ಬನದೇ ಹೆಸರು, ಒಂದೇ ಫೋಟೋ, ಒಂದೇ ಪಾಸ್‌ಪೋರ್ಟ್ ನಂಬರು. 'ಮಾತೃಭಾಷೆ' ಎಂದಿದ್ದ ಕಡೆ ಮಾತ್ರ ಮೂರು ಬೇರೆ ಬೇರೆ ಪದ. ಒಂದರಲ್ಲಿ ಪಷ್ಟೋ, ಇನ್ನೊಂದರಲ್ಲಿ ಚಿತ್ರಾಲಿ, ಮೂರನೆಯದರಲ್ಲಿ ಖೋವಾರ್. ನಾನು ಕೆಲಸಕ್ಕಿದ್ದ ಕಟ್ಟಡ ಕಂಪನಿಯಲ್ಲಿ ಕೂಲಿಯವರಿಗೂ ಡ್ರೈವರ್‌ಗಳಿಗೂ ಸುರಕ್ಷತೆಯ ಪಾಠವನ್ನು ಅವರವರ ಭಾಷೆಯಲ್ಲೇ ಹೇಳಬೇಕೆಂಬ ನಿಯಮವಿತ್ತು. ಅದಕ್ಕಾಗಿ ಯಾರು ಯಾವ ಭಾಷೆಯವರು ಎಂದು ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂರು ಹಾಳೆಯಲ್ಲಿ ಎರಡು ತಪ್ಪಿರಬೇಕು ಅಂದುಕೊಂಡೆ. ಯಾರೋ ಅವಸರದಲ್ಲಿ ತುಂಬಿದ್ದಾರೆ, ಆ ಮನುಷ್ಯನನ್ನೇ ಕರೆದು ಒಂದು ಮಾತು ಕೇಳಿದರೆ ಮುಗಿಯಿತು ಎಂದು ಹೊರಗೆ ಹೋದೆ.

ಅವನು ಗಾಡಿಯ ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಹಾಳೆಗಳನ್ನು ತೋರಿಸಿದೆ. ಒಂದೊಂದನ್ನೂ ನಿಧಾನವಾಗಿ ನೋಡಿದ. ಪಷ್ಟೋ ಎಂದು ಬರೆದದ್ದು ತಾನಲ್ಲ, ಬೇರೆ ಯಾರೋ, ಅದು ತನ್ನ ಭಾಷೆಯೇ ಅಲ್ಲ ಎಂದ. ಉಳಿದ ಎರಡೂ ಸರಿ ಎಂದ. "ಎರಡೂ ಹೇಗೆ ಸರಿ? ಒಂದು ಬರೆಯಬೇಕಲ್ಲ" ಅಂದೆ. "ಕೇಳುವವರಿಗೆ ಚಿತ್ರಾಲಿ. ನಮಗೆ ಖೋವಾರ್" ಎಂದ. ಅಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಇವೆ, ಬೇಕಾದರೆ ಹೇಳ್ತೀನಿ" ಎಂದ.

ಆ 'ಇನ್ನೂ ಇವೆ' ಎಂಬ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಇದನ್ನು ಬರೆಯಲು ಕೂತದ್ದೂ ಅದರಿಂದಲೇ. ಆಮೇಲೆ ಸುಮಾರು ಎರಡು ವರ್ಷ ನಾನು ಅವನ ಗಾಡಿಯಲ್ಲೇ ಸೈಟಿಗೆ ಹೋಗಿ ಬರುತ್ತಿದ್ದೆ. ದುಬೈಯಿಂದ ರಾಸ್ ಅಲ್ ಖೈಮಾದ ಕಡೆಗೆ ಬೆಳಗ್ಗೆ ಒಂದೂಕಾಲು ಗಂಟೆ, ಸಂಜೆ ಅದಕ್ಕಿಂತ ಜಾಸ್ತಿ. ಅಷ್ಟು ಹೊತ್ತು ಒಂದೇ ಗಾಡಿಯಲ್ಲಿ ಕೂತವರು ಏನಾದರೂ ಮಾತಾಡಲೇಬೇಕು. ನಾವು ಭಾಷೆಯ ಬಗ್ಗೆ ಮಾತಾಡಿದೆವು. ನಮ್ಮಿಬ್ಬರ ನಡುವೆ ಇದ್ದದ್ದು ಹರುಕು ಉರ್ದು. ನನ್ನದು ಬೊಂಬಾಯಿ ಹಿಂದಿ, ಅವನದು ಶಾಲೆಯಲ್ಲಿ ಕಲಿತ ಉರ್ದು. ಇಬ್ಬರಿಗೂ ಅದು ಮನೆಯ ಮಾತಲ್ಲ.

ಪಠಾಣ, ಮಲಬಾರಿ

ಕೊಲ್ಲಿಯಲ್ಲಿ ಇದ್ದವರಿಗೆ ಇದು ಗೊತ್ತು. ಅಲ್ಲಿ ದಕ್ಷಿಣದಿಂದ ಬಂದವನು ಯಾರೇ ಆಗಲಿ, ಮಲಬಾರಿ. ನಾನು ಪುತ್ತೂರಿನವನು, ನನ್ನದು ಕನ್ನಡ ಎಂದು ಎಷ್ಟು ಸಲ ಹೇಳಿದರೂ ಅಂಗಡಿಯವನಿಗೆ ನಾನು ಮಲಬಾರಿಯೇ. ಅದೇ ಥರ ಪಾಕಿಸ್ತಾನದ ವಾಯವ್ಯದಿಂದ ಬಂದವನು ಯಾರೇ ಆಗಲಿ, ಪಠಾಣ. ನನ್ನ ಗೆಳೆಯ ಪಠಾಣನಲ್ಲ. ಅವನ ಊರು ಚಿತ್ರಾಲದ ಮೇಲ್ಭಾಗದಲ್ಲಿ, ತೋರ್ಕೋ ಎಂಬ ಕಣಿವೆಯಲ್ಲಿ. ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯಕ್ಕೆ ಸೇರಿದ ಜಾಗ ಅನ್ನುವುದು ನಿಜ. ಆದರೆ ಪ್ರಾಂತ್ಯದ ಹೆಸರಿನಲ್ಲಿ ಪಖ್ತೂನ್, ಅಂದರೆ ಪಠಾಣ, ಇದೆ ಎಂದ ಮಾತ್ರಕ್ಕೆ ಅಲ್ಲಿರುವ ಎಲ್ಲರೂ ಪಖ್ತೂನರಾಗುವುದಿಲ್ಲ ಅಲ್ವಾ. ಅವನ ಹಾಳೆಯಲ್ಲಿ ಪಠಾಣರ ಭಾಷೆಯಾದ ಪಷ್ಟೋ ಎಂದು ಬರೆದವರು ಹಾಗೆ ಊಹಿಸಿ ಬರೆದಿದ್ದರು. ಅದರಿಂದಾಗಿ ಅವನು ಮೂರು ಗಂಟೆ ಪಷ್ಟೋದಲ್ಲಿ ನಡೆದ ಸುರಕ್ಷತೆಯ ಪಾಠಕ್ಕೆ ಕೂತು, ಅರ್ಧಂಬರ್ಧ ಅರ್ಥ ಮಾಡಿಕೊಂಡು, ಕೊನೆಗೆ ಸಹಿ ಹಾಕಿ ಎದ್ದು ಬಂದಿದ್ದ. ಎತ್ತರದಲ್ಲಿ ಕೆಲಸ ಮಾಡುವಾಗ ಬೆಲ್ಟನ್ನು ಎಲ್ಲಿಗೆ ಕೊಕ್ಕೆ ಹಾಕಬೇಕು ಎಂಬ ಪಾಠ ಅದು. ಹೆಸರು ತಪ್ಪಿದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಸಹಿ.

ಅವನ ಊರನ್ನು ಹೊರಗಿನವರು ಚಿತ್ರಾಲ್ ಎನ್ನುತ್ತಾರೆ. ಅಲ್ಲಿಯವರು ಛೆತ್ರಾರ್ ಎನ್ನುತ್ತಾರೆ. ಕೊನೆಯ ಅಕ್ಷರ ಲ ಅಲ್ಲ, ರ. ಅದಕ್ಕೇ ಹಳೆಯ ಪಟ್ಟಿಗಳಲ್ಲಿ ಭಾಷೆಗೆ ಚಿತ್ರಾಲಿ ಎಂದೂ ಇದೆ, ಚಿತ್ರಾರಿ ಎಂದೂ ಇದೆ. ನಾನು ಮೊದಲು ಚಿತ್ರಾರಿ ಎಂಬುದನ್ನು ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಊರಿನವರ ಬಾಯಲ್ಲಿ ಕೇಳಿದ ಮೇಲೆ ತಿಳಿಯಿತು, ಎರಡರಲ್ಲಿ ಅವರ ಉಚ್ಚಾರಕ್ಕೆ ಹತ್ತಿರವಾದದ್ದು ಅದೇ ಎಂದು.

ಯಾವ ದಾರಿಯಲ್ಲಿ ಬಂದಿರಿ?

ಚಿತ್ರಾಲಕ್ಕೆ ಹೋಗುವ ದಾರಿಗಳು ಕಡಿಮೆ. ಉತ್ತರಕ್ಕೂ ಪಶ್ಚಿಮಕ್ಕೂ ಹಿಂದೂಕುಶ್ ಗೋಡೆಯ ಹಾಗೆ ನಿಂತಿದೆ. ಆ ಸಾಲಿನ ಅತಿ ಎತ್ತರದ ಶಿಖರ ತಿರಿಚ್ ಮೀರ್, 7,708 ಮೀಟರ್, ಚಿತ್ರಾಲದಲ್ಲೇ ಇದೆ. ದಕ್ಷಿಣದ ಪಷ್ಟೋ ನಾಡಿನಿಂದ ಬರುವವರು ಲೊವಾರಿ ಘಾಟಿ ದಾಟಬೇಕು. ಅದು 3,100 ಮೀಟರಿಗಿಂತ ಮೇಲೆ. ಪೂರ್ವದ ಗಿಲ್ಗಿತ್ ಕಡೆಯಿಂದ ಬರುವವರು ಶಂದೂರ್ ದಾಟಬೇಕು, ಅದು 3,700 ಮೀಟರಿನ ಆಸುಪಾಸು. ಚಳಿಗಾಲದಲ್ಲಿ ಎರಡೂ ಮುಚ್ಚಿಹೋಗುತ್ತಿದ್ದವು. ಲೊವಾರಿಯ ಕೆಳಗೆ ಸುರಂಗ ಕೊರೆದು ಬಿಟ್ಟದ್ದು 2017ರಲ್ಲಿ. ಅದಕ್ಕೆ ಮುಂಚೆ ಹಿಮ ಬಿದ್ದ ಮೇಲೆ ಊರಿಗೆ ಊರೇ ತಿಂಗಳುಗಟ್ಟಲೆ ಒಳಗೇ ಉಳಿಯುತ್ತಿತ್ತು. ಪೇಶಾವರಕ್ಕೆ ಹೋಗಲೇಬೇಕಾದವರು ಅಫ್ಘಾನಿಸ್ತಾನದ ಕುನಾರ್ ಕಣಿವೆಗೆ ಇಳಿದು ಸುತ್ತು ಹಾಕಿ ಹೋಗುತ್ತಿದ್ದರಂತೆ. ಇದನ್ನು ಹೇಳುವಾಗ ಗೆಳೆಯ ಸ್ಟೇರಿಂಗ್ ಮೇಲೆ ಬೆರಳಿನಿಂದ ನಕ್ಷೆ ಬರೆದು ತೋರಿಸುತ್ತಿದ್ದ. ಇಲ್ಲಿ ಲೊವಾರಿ, ಇಲ್ಲಿ ಶಂದೂರ್, ಇಲ್ಲಿ ನಮ್ಮನೆ. ಎದುರಿಗೆ ಹಜರ್ ಬೆಟ್ಟಗಳು ಕಂದುಬಣ್ಣಕ್ಕೆ ಒಣಗಿ ನಿಂತಿರುತ್ತಿದ್ದವು. ರಾಸ್ ಅಲ್ ಖೈಮಾದ ಕಡೆ ಅದರಲ್ಲಿ ದೊಡ್ಡದಾದ ಜೆಬೆಲ್ ಜೈಸ್ ಎರಡು ಸಾವಿರ ಮೀಟರೂ ಮುಟ್ಟುವುದಿಲ್ಲ. ಅದನ್ನು ಅವನು ಬೆಟ್ಟ ಎಂದು ಕರೆದದ್ದನ್ನು ನಾನು ಕೇಳಲೇ ಇಲ್ಲ.

ಘಾಟಿಗಳ ಮಾತು ಯಾಕೆ ಎತ್ತಿದೆ ಅಂದರೆ, ಭಾಷೆಯ ಹೆಸರುಗಳೂ ಆ ದಾರಿಗಳಲ್ಲೇ ಬಂದಿವೆ. ಲೊವಾರಿಯ ಆಚೆಯ ಪಷ್ಟೋದವರು ಚಿತ್ರಾಲಕ್ಕೆ ಕಶ್ಕರ್ ಎನ್ನುತ್ತಿದ್ದರು. ಆ ಕಡೆಯಿಂದ ನೋಡಿದವರಿಗೆ ಭಾಷೆ ಕಶ್ಕರಿ ಆಯಿತು. ಈ ಹೆಸರಿನಿಂದ ಗೊಂದಲವೂ ಜಾಸ್ತಿ. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಕಾಶ್ಗರ್ ಎಂಬ ದೊಡ್ಡ ಊರಿದೆ. ಕಶ್ಕರಿ ಎಂದು ಹುಡುಕಿದವನು ಹಿಂದೂಕುಶ್ ಬಿಟ್ಟು ಉಯ್ಘುರರ ನಾಡಿಗೆ ಹೋಗಿ ನಿಂತಿರುತ್ತಾನೆ. ಇನ್ನು ಶಂದೂರಿನ ಆಚೆ, ಗಿಲ್ಗಿತ್ ಕಡೆಯಲ್ಲಿ ಶಿನಾ ಭಾಷೆಯವರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲೈಟ್ನರ್ ಎಂಬ ವಿದ್ವಾಂಸರು ಆ ಕಡೆಯಿಂದ ಕೇಳಿ ಬರೆದುಕೊಂಡಾಗ ಈ ಭಾಷೆಗೆ ಆರ್ನಿಯಾ ಎಂದು ಹೆಸರಾಯಿತು. ಗಿಲ್ಗಿತ್‌ನಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಬಿಡಲ್ಫ್ 1880ರಲ್ಲಿ ತಮ್ಮ ಪುಸ್ತಕದಲ್ಲಿ ಖೋವಾರ್ ಎಂದು ಬರೆದರು. 1919ರಲ್ಲಿ ಗ್ರಿಯರ್ಸನ್ ಅವರ ಭಾರತದ ಭಾಷಾ ಸಮೀಕ್ಷೆಯ ಸಂಪುಟ ಬಂದಾಗ ಖೋವಾರ್, ಚಿತ್ರಾಲಿ, ಆರ್ನಿಯಾ ಮೂರನ್ನೂ ಪಕ್ಕಪಕ್ಕದಲ್ಲೇ ಇಟ್ಟರು. ಈಗಿನ ಪಟ್ಟಿಗಳಲ್ಲಿ ಇವುಗಳ ಜೊತೆ ಕಶ್ಕರಿ, ಪಟು, ಕೋಹ್‌ವಾರ್, ಖವಾರ್ ಎಲ್ಲ ಇವೆ. ಕೊನೆಯ ಎರಡು ಬೇರೆ ಹೆಸರುಗಳೇ ಅಲ್ಲ. ಒಂದೇ ಪದವನ್ನು ಬೇರೆ ಬೇರೆ ಕಿವಿಗಳು ಕೇಳಿಸಿಕೊಂಡ ರೀತಿ ಅಷ್ಟೇ.

ಗ್ರಿಯರ್ಸನ್ ಅವರ ಅದೇ ಸಮೀಕ್ಷೆಯಲ್ಲಿ ನಮ್ಮ ಭಾಷೆಯೂ ಇದೆ. ಮೈಸೂರು, ಹೈದರಾಬಾದ್, ಮದ್ರಾಸ್ ಸೀಮೆಗಳು ಆ ಸಮೀಕ್ಷೆಗೆ ಸೇರಿರಲಿಲ್ಲ. ಹಾಗಾಗಿ ಕನ್ನಡದ ಭಾಗ ಮುಖ್ಯವಾಗಿ ಬೊಂಬಾಯಿ ಕಡೆಯ ಮಾತಿನದು. ಅಲ್ಲಿ ನಮ್ಮ ಹೆಸರು ಕ್ಯಾನರೀಸ್. ಅದೂ ಹೊರಗಿನವರ ಕಿವಿಯಿಂದ ಬಂದದ್ದೇ. ಇದಕ್ಕಿಂತ ವಿಚಿತ್ರವಾದದ್ದು ಗೋವಾದಲ್ಲಿ ನಡೆದಿದೆ. ಪೋರ್ಚುಗೀಸರು ಕೊಂಕಣಿಯನ್ನು ಕನಾರಿಂ ಎಂದು ಕರೆದರು. ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ, 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣದ ಹೆಸರಿನಲ್ಲೇ ಆ ಪದ ಇದೆ. ಹೆಸರು ನೋಡಿದವನು ಕನ್ನಡದ ಪುಸ್ತಕ ಅಂದುಕೊಂಡು ಕೈಗೆತ್ತಿಕೊಂಡರೆ ಒಳಗಿರುವುದು ಕೊಂಕಣಿ. ಒಂದು ಭಾಷೆಯ ಹೆಸರು ಪಕ್ಕದ ಭಾಷೆಯ ಮೇಲೆ ಕೂತಿದೆ. ಈ ಕಥೆ ಹೇಳಿದಾಗ ಗೆಳೆಯನಿಗೆ ಏನೂ ಆಶ್ಚರ್ಯವಾಗಲಿಲ್ಲ. "ನಮ್ಮಲ್ಲೂ ಇದೇ" ಎಂದ.

ವಾರ್ ಅಂದರೆ ಮಾತು

ಖೋ ಅಂದರೆ ಅಲ್ಲಿಯ ಜನ. ತೋರ್ಕೋ, ಮುಲ್ಕೋ ಎಂಬ ಕಣಿವೆಗಳ ಹೆಸರಿನಲ್ಲಿರುವ 'ಕೋ' ಕೂಡ ಅದೇ ಖೋ. ತೋರ್ಕೋ ಮೇಲಿನದು, ಮುಲ್ಕೋ ಕೆಳಗಿನದು. ವಾರ್ ಅಂದರೆ ಮಾತು, ಭಾಷೆ. ಖೋವಾರ್ ಅಂದರೆ ಖೋ ಜನರ ಮಾತು. ಇದನ್ನು ಕೇಳಿದ ಕೂಡಲೇ ನನಗೆ ಹೊಳೆದದ್ದು ನಮ್ಮ ಪಕ್ಕದ ಕೊಡಗು. ಅಲ್ಲಿಯವರು ತಮ್ಮ ಭಾಷೆಗೆ ಕೊಡವ ತಕ್ಕ್ ಎನ್ನುತ್ತಾರೆ. ತಕ್ಕ್ ಅಂದರೆ ಮಾತು. ಹೊರಗಿನವರು ಮಾತ್ರ ಊರಿನ ಹೆಸರು ಹಿಡಿದು ಕೊಡಗು ಭಾಷೆ ಅಂದರು, ಇಂಗ್ಲಿಷಿನವರು ಕೂರ್ಗ್ ಅಂದರು. ಗೆಳೆಯನಿಗೆ ಹೇಳಿದೆ. ಅವನು ಎರಡು ಸಲ 'ತಕ್ಕ್, ತಕ್ಕ್' ಎಂದು ಹೇಳಿಕೊಂಡ. ಅವನ ಬಾಯಲ್ಲಿ ಆ ಪದ ಚೆನ್ನಾಗಿ ಕೂತಿತು.

ಇಲ್ಲಿ ನನಗೆ ಮುಖ್ಯ ಅನ್ನಿಸಿದ ಸಂಗತಿ ಇದು. ಹೊರಗಿನವರು ಕೊಟ್ಟ ಹೆಸರುಗಳಲ್ಲಿ ದೊಡ್ಡವೆಲ್ಲ ಜಾಗದ ಹೆಸರು ಹಿಡಿದು ಬಂದವು. ಚಿತ್ರಾಲಿ, ಕಶ್ಕರಿ. ಒಳಗಿನವರ ಹೆಸರಿನಲ್ಲಿ ಮಾತ್ರ ಜನ ಇದ್ದಾರೆ, ಮಾತು ಇದೆ. ಜಾಗದ ಹೆಸರಿಟ್ಟರೆ ಎರಡು ಕಡೆ ಏಟು. ಖೋವಾರ್ ಆಡುವವರೆಲ್ಲ ಚಿತ್ರಾಲದಲ್ಲಿ ಇಲ್ಲ. ಶಂದೂರಿನ ಆಚೆ, ಗಿಲ್ಗಿತ್-ಬಾಲ್ಟಿಸ್ತಾನದ ಗಿಜರ್ ಕಡೆ, ಫಂದರ್, ಗುಪಿಸ್, ಯಾಸೀನ್ ಊರುಗಳಲ್ಲೂ ಇದ್ದಾರೆ. ನಿಮ್ಮದು ಚಿತ್ರಾಲಿ ಭಾಷೆ ಅಂದರೆ ಅವರು ಏನು ಹೇಳಬೇಕು? ಅವರು ಚಿತ್ರಾಲದವರೇ ಅಲ್ಲ. ಇನ್ನೊಂದು ಕಡೆ, ಚಿತ್ರಾಲದಲ್ಲಿ ಇರುವವರೆಲ್ಲ ಖೋವಾರ್‌ನವರಲ್ಲ. ಬುಂಬುರೇತ್, ರುಂಬೂರ್, ಬಿರೀರ್ ಕಣಿವೆಗಳಲ್ಲಿ ಕಲಾಶರಿದ್ದಾರೆ. ಲುಟ್ಕೋ ಕಣಿವೆಯ ತುದಿಯಲ್ಲಿ ಯಿದ್ಗಾ ಆಡುವವರಿದ್ದಾರೆ. ಅಶ್ರೇತ್, ಬಿಯೋರಿಯಲ್ಲಿ ಪಾಲುಲಾ. ಅರಂದು ಕಡೆ ಗವರ್‌ಬಾತಿ. ದಮೇಲ್‌ನಲ್ಲಿ ದಮೇಲಿ. ಮದಕ್ಲಷ್ಟ್ ಎಂಬ ಹಳ್ಳಿಯಲ್ಲಿ ಪಾರಸಿ. ಜೊತೆಗೆ ವಖಿ, ಕಾತಿ, ಗೋಜ್ರಿ, ಪಷ್ಟೋ. ಒಂದು ಸೀಮೆಯಲ್ಲಿ ಹತ್ತಕ್ಕಿಂತ ಹೆಚ್ಚು ಭಾಷೆ. ಅದರಲ್ಲಿ ಒಂದನ್ನು ಮಾತ್ರ ಚಿತ್ರಾಲಿ ಎಂದು ಕರೆದರೆ ಉಳಿದವರು ಬಾಡಿಗೆಗೆ ಬಂದವರ ಹಾಗೆ ಕಾಣುತ್ತಾರೆ.

ಗೆಳೆಯ ಇದನ್ನು ಒಪ್ಪಿದ. ಆದರೂ ಚಿತ್ರಾಲಿ ಎಂಬ ಹೆಸರನ್ನು ಪೂರ್ತಿ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಕರಾಚಿಯಲ್ಲಿ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ 'ನಾನು ಚಿತ್ರಾಲಿ' ಅಂದರೆ ಯಾರಾದರೂ ಒಬ್ಬರು ಗುರುತು ಹಿಡಿಯುತ್ತಿದ್ದರಂತೆ. 'ನಾನು ಖೋ' ಅಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಊರಿನಿಂದ ಬಂದವರು, ಅವರ ಮನೆಯ ಮಾತು ಯಾವುದೇ ಇರಲಿ, ಆ ಒಂದು ಹೆಸರಿನ ಕೆಳಗೆ ಒಟ್ಟಾಗುತ್ತಿದ್ದರು. ಕಲಾಶನೂ ಅಲ್ಲಿ ಚಿತ್ರಾಲಿ, ಯಿದ್ಗಾದವನೂ ಚಿತ್ರಾಲಿ. ಊರು ಬಿಟ್ಟವನಿಗೆ ಊರಿನ ಹೆಸರು ಬೇಕಾಗುತ್ತದೆ. ಇದು ನನಗೂ ಗೊತ್ತಿರುವ ಸಂಗತಿ. ದುಬೈಯಲ್ಲಿ ತುಳುವರು, ಬ್ಯಾರಿಗಳು, ಕೊಂಕಣಿಗರು, ನಾವು ಎಲ್ಲ ಸೇರಿದರೆ ಹೇಳುವುದು 'ಮಂಗ್ಳೂರಿನವರು' ಎಂದೇ. ಹಾಗಾಗಿ ಒಂದು ಹೆಸರು ಸರಿ, ಉಳಿದದ್ದೆಲ್ಲ ತಪ್ಪು ಎಂದು ತೀರ್ಪು ಕೊಡಲು ನನಗೆ ಬಾಯಿ ಬರುವುದಿಲ್ಲ. ಅವನು ಮೊದಲ ದಿನವೇ ಹೇಳಿದ್ದ, ಎರಡೂ ಸರಿ ಎಂದು.

ಪೊಂಜ್, ಸೋತ್, ಓಷ್ಟ್

ಒಂದು ಸಂಜೆ ರಸ್ತೆಯಲ್ಲಿ ಅಪಘಾತವಾಗಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಹೊತ್ತು ಹೋಗಬೇಕಲ್ಲ, ನಿಮ್ಮ ಭಾಷೆಯಲ್ಲಿ ಎಣಿಸು ಎಂದೆ. ಅವನು ಎದುರಿನ ಗಾಡಿಗಳನ್ನೇ ಎಣಿಸತೊಡಗಿದ. ಈ, ಜೂ, ತ್ರೋಯ್, ಚೋರ್, ಪೊಂಜ್, ಛೋಯ್, ಸೋತ್, ಓಷ್ಟ್, ನ್ಯೋಹ್, ಜೋಶ್. ಪೊಂಜ್ ಅಂದಾಗ ಸುಮ್ಮನಿದ್ದೆ. ಸೋತ್, ಓಷ್ಟ್ ಎಂದಾಗ ಎದ್ದು ಕೂತೆ. ಪಂಚ, ಸಪ್ತ, ಅಷ್ಟ. ಚಿಕ್ಕಂದಿನಲ್ಲಿ ಅಜ್ಜ ಸಂಜೆ ಹೊತ್ತು ಬಾಯಿಪಾಠ ಹೇಳಿಸುತ್ತಿದ್ದ ಪದಗಳು ಬೇರೆ ಬಟ್ಟೆ ಹಾಕಿಕೊಂಡು ಎದುರು ಬಂದ ಹಾಗಾಯಿತು. ಇಪ್ಪತ್ತಕ್ಕೆ ಬಿಶಿರ್. ಅಲ್ಲಿಂದ ಮುಂದೆ ಇಪ್ಪತ್ತರ ಲೆಕ್ಕ. ನಲವತ್ತಕ್ಕೆ ಜೂ ಬಿಶಿರ್, ಎರಡು ಇಪ್ಪತ್ತು. ಅರವತ್ತಕ್ಕೆ ಮೂರು ಇಪ್ಪತ್ತು.

ಆಮೇಲೆ ಪದಗಳ ಬೇಟೆ ಶುರುವಾಯಿತು. ಹಾಲಿಗೆ ಏನನ್ನುತ್ತೀರಿ? ಛೀರ್. ನಮ್ಮ ಕ್ಷೀರ. ಬೆಂಕಿಗೆ? ಅಂಗಾರ್. ಹೃದಯಕ್ಕೆ? ಹರ್ದಿ. ಅಣ್ಣತಮ್ಮನಿಗೆ? ಬ್ರಾರ್. ಅಕ್ಕತಂಗಿಗೆ? ಇಸ್ಪುಸಾರ್. ಕಣ್ಣೀರಿಗೆ? ಅಶ್ರು. ಅವನು 'ಅಶ್ರು' ಎಂದಾಗ ನಾನು ಇನ್ನೊಮ್ಮೆ ಹೇಳಿಸಿದೆ. ಒಂದು ಅಕ್ಷರವೂ ಸವೆದಿಲ್ಲ. ನಮಗೆ ಅಶ್ರು ಎಂಬುದು ಪದ್ಯದಲ್ಲಿ, ಶ್ರದ್ಧಾಂಜಲಿಯ ಬ್ಯಾನರಿನಲ್ಲಿ ಬರುವ ಪದ. ಅವರ ಮನೆಯಲ್ಲಿ ಮಗು ಅತ್ತರೆ ತಾಯಿ ಸೆರಗಿನಲ್ಲಿ ಒರೆಸುವುದು ಅಶ್ರುವನ್ನೇ. ನಾರ್ವೆಯ ಭಾಷಾವಿದ್ವಾಂಸ ಗಿಯೋರ್ಗ್ ಮೋರ್ಗನ್‌ಸ್ಟಿಯರ್ನ 1929ರಲ್ಲಿ ಚಿತ್ರಾಲಕ್ಕೆ ಹೋಗಿ ಕೆಲಸ ಮಾಡಿದವರು. ಈಗಿರುವ ಭಾರತೀಯ ಆರ್ಯ ಭಾಷೆಗಳಲ್ಲಿ ಹಲವು ರೀತಿಯಲ್ಲಿ ಎಲ್ಲಕ್ಕಿಂತ ಹಳೆಯ ರೂಪ ಉಳಿಸಿಕೊಂಡದ್ದು ಖೋವಾರ್ ಎಂಬ ಅಭಿಪ್ರಾಯ ಅವರದು. ಸಂಸ್ಕೃತದ ವಿಭಕ್ತಿಗಳಲ್ಲಿ ದೊಡ್ಡ ಪಾಲು ಅದರಲ್ಲಿ ಉಳಿದಿದೆಯಂತೆ. ಇದನ್ನೆಲ್ಲ ನಾನು ಆಮೇಲೆ ಓದಿದ್ದು. ಆ ಸಂಜೆ ನನಗೆ ಗೊತ್ತಿದ್ದದ್ದು ಅಶ್ರು ಒಂದೇ.

ಇನ್ನೊಂದು ಸಂಗತಿ ಅದೇ ಸಂಜೆ ಸಿಕ್ಕಿತು. ಉರ್ದುವಿನಲ್ಲಿ ಮನೆ ಇದ್ದರೂ 'ಹೈ', ಮನುಷ್ಯ ಇದ್ದರೂ 'ಹೈ'. ಕನ್ನಡದವನಿಗೆ ಅದು ಯಾವತ್ತೂ ಸ್ವಲ್ಪ ಬೋಳು ಅನ್ನಿಸುತ್ತದೆ. ನಮ್ಮಲ್ಲಿ ಮನೆ ಇದೆ, ಆಳು ಇದ್ದಾನೆ. ಗೆಳೆಯ ಹೇಳಿದ, ತಮ್ಮಲ್ಲೂ ಎರಡು ಬೇರೆ. ಮನೆಗೆ 'ದೂರ್ ಶೇರ್'. ಮನುಷ್ಯನಿಗೆ 'ಮೋಶ್ ಅಸೂರ್'. ಜೀವ ಇಲ್ಲದ್ದಕ್ಕೆ ಶೇರ್, ಜೀವ ಇರುವುದಕ್ಕೆ ಅಸೂರ್. ಹಾಗಾದರೆ ನಾಯಿಗೆ? "ರೇನಿ ಅಸೂರ್" ಎಂದ. ನಾವು ನಾಯಿಗೆ 'ಇದೆ' ಅಂದುಬಿಡುತ್ತೇವೆ, ಕಲ್ಲಿಗೆ ಹೇಳಿದ ಹಾಗೇ. ಅವರ ಭಾಷೆಯಲ್ಲಿ ನಾಯಿಗೂ ಮನುಷ್ಯನಿಗೂ ಒಂದೇ ಮಾತು, ಉಸಿರಾಡುತ್ತದಲ್ಲ. ಇದನ್ನು ಕೇಳಿ ನನಗೆ ಆದ ಖುಷಿಯನ್ನು ಹೇಗೆ ಬರೆಯಬೇಕೋ ತಿಳಿಯದು. ಮುಂದಿನ ವಾರ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನೇ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ದನಕ್ಕೆ?" ದನಕ್ಕೂ ಅಸೂರ್ ಅಂದೆ. "ಹಾಗೇ ಇರಬೇಕು" ಎಂದರು.

ಅಮ್ಮನ ಭಾಷೆ

ಅಮ್ಮನ ತವರು ಸುಳ್ಯದ ಕಡೆ. ಅವರ ಮನೆಮಾತು ಅರೆಭಾಷೆ. ಗೌಡ ಕನ್ನಡ ಎಂದೂ ಹೇಳುತ್ತಾರೆ. ಸುಳ್ಯದಲ್ಲಿ, ಕೊಡಗಿನ ಕೆಲವು ಭಾಗದಲ್ಲಿ, ಕಾಸರಗೋಡಿನ ಬಂದಡ್ಕ ಕಡೆ ಈ ಮಾತು ಇದೆ. ಮದುವೆಯಾಗಿ ಪುತ್ತೂರಿಗೆ ಬಂದ ಮೇಲೆ ಅಮ್ಮ ನಮ್ಮ ಹತ್ತಿರ ಅದನ್ನು ಆಡಲಿಲ್ಲ. ತವರಿನಿಂದ ಯಾರಾದರೂ ಬಂದರೆ ಅಡುಗೆಮನೆಯಲ್ಲಿ ಆಡುತ್ತಿದ್ದರು. ನಾವು ಹತ್ತಿರ ಹೋದರೆ ಮಾತು ಬದಲಾಗುತ್ತಿತ್ತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಕೇಳಿದ್ದೆ, ಅದು ಯಾಕೆ ಅರೆ, ಪೂರ್ತಿ ಯಾಕಲ್ಲ ಎಂದು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಕ್ಲಾಸಿನಲ್ಲಿ ಅರ್ಧ, ಕಾಲು, ಮುಕ್ಕಾಲು ಕಲಿಯುತ್ತಿದ್ದೆವು. ಅಮ್ಮ ದೋಸೆ ಹುಯ್ಯುತ್ತಿದ್ದರು. ಸೌಟು ಕೈಯಲ್ಲೇ ನಿಂತಿತು. "ನಂಗೆ ಅದು ಪೂರ್ತಿಯೇ" ಅಂದರು. ಕಾವಲಿಯ ಮೇಲಿದ್ದ ದೋಸೆ ಸ್ವಲ್ಪ ಕಪ್ಪಾಯಿತು.

2011ರಲ್ಲಿ ಕರ್ನಾಟಕ ಸರ್ಕಾರ ಅರೆಭಾಷೆಗೆ ಅಕಾಡೆಮಿ ಮಾಡಿತು. ಬೋರ್ಡಿನ ಮೇಲೆ ಅದೇ ಹೆಸರೇ ಬಂತು, ಅರೆಭಾಷೆ ಎಂದು. ಅಮ್ಮನಿಗೆ ಬೇಸರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಪೇಪರಿನಲ್ಲಿ ಬಂದ ಸುದ್ದಿಯನ್ನು ಕತ್ತರಿಸಿ ದೇವರ ಫೋಟೋದ ಹಿಂದೆ ಇಟ್ಟರು. ಆಡುವವರೇ ಎತ್ತಿಕೊಂಡ ಮೇಲೆ ಆ ಹೆಸರಿನಲ್ಲಿದ್ದ ಅರ್ಧ ಅವರಿಗೆ ಕಾಣಲೇ ಇಲ್ಲ. ಹೆಸರಿನ ಅರ್ಥ ನಿಘಂಟಿನಲ್ಲಿ ಏನಿದೆ ಅನ್ನುವುದಕ್ಕಿಂತ ಅದನ್ನು ಯಾರು, ಯಾರ ಮುಂದೆ, ಯಾವ ದನಿಯಲ್ಲಿ ಹೇಳುತ್ತಾರೆ ಅನ್ನುವುದು ದೊಡ್ಡದು ಎಂದು ನನಗೆ ಆಗ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಪಟ್ಟಿಯಲ್ಲಿ ಇಲ್ಲದವರು

ಸರ್ಕಾರದ ಪಟ್ಟಿಗಳ ಕಥೆ ಬೇರೆ. 2017ರ ಪಾಕಿಸ್ತಾನದ ಜನಗಣತಿಯಲ್ಲಿ ಮಾತೃಭಾಷೆಯ ಕಡೆ ಒಂಬತ್ತು ಹೆಸರುಗಳಿದ್ದವು. ಉರ್ದು, ಪಂಜಾಬಿ, ಸಿಂಧಿ, ಪಷ್ಟೋ, ಬಲೂಚಿ, ಕಾಶ್ಮೀರಿ, ಸರಾಯ್ಕಿ, ಹಿಂದ್ಕೋ, ಬ್ರಾಹುಯಿ. ಉಳಿದವರೆಲ್ಲ 'ಇತರೆ'. ಬ್ರಾಹುಯಿ ನಮ್ಮ ದ್ರಾವಿಡ ನಂಟು, ಅದು ಅಲ್ಲಿ ಇದ್ದದ್ದು ನನಗೆ ಸಂತೋಷವೇ. ಆದರೆ ಖೋವಾರ್ ಇರಲಿಲ್ಲ. 2023ರಲ್ಲಿ ಪಟ್ಟಿ ಬೆಳೆಯಿತು. ಶಿನಾ, ಬಾಲ್ಟಿ, ಮೇವಾತಿ, ಕೊಹಿಸ್ತಾನಿ ಬಂದವು. ಕೆಲವೇ ಸಾವಿರ ಜನ ಆಡುವ ಕಲಾಶಾ ಕೂಡ ಬಂತು, ಬರಲೇಬೇಕಾಗಿತ್ತು. ಖೋವಾರ್ ಮತ್ತೆ 'ಇತರೆ'ಯಲ್ಲೇ ಉಳಿಯಿತು. ಅಷ್ಟೊಂದು ಹೆಸರುಗಳಿರುವ ಭಾಷೆ. ಅದರಲ್ಲಿ ಒಂದಕ್ಕೂ ಆ ಹಾಳೆಯಲ್ಲಿ ಜಾಗ ಸಿಗಲಿಲ್ಲ. ಕಂಪ್ಯೂಟರಿನ ಲೋಕದಲ್ಲಿ ಮಾತ್ರ ಅದಕ್ಕೆ ಮೂರಕ್ಷರದ ಒಂದು ಸಂಕೇತ ಇದೆ, ಕೆ ಎಚ್ ಡಬ್ಲ್ಯೂ. ಖೋವಾರ್ ಎಂಬ ಹೆಸರಿನಿಂದಲೇ ತೆಗೆದದ್ದು. ಗೆಳೆಯನಿಗೆ ಫೋನಿನಲ್ಲಿ ತೋರಿಸಿದಾಗ ಅವನು ಆ ಮೂರು ಅಕ್ಷರವನ್ನು ಬಹಳ ಹೊತ್ತು ನೋಡಿದ. ಸ್ಕ್ರೀನ್‌ಶಾಟ್ ಕಳಿಸು ಎಂದ. ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಣ್ಣನಿಗೆ ಅದನ್ನು ಅಲ್ಲಿಂದಲೇ ಕಳಿಸಿದ.

ಅಶ್ರೇತಿನ ಹುಡುಗ

ಎರಡನೆಯ ವರ್ಷದ ಕೊನೆಯಲ್ಲಿ ಸೈಟಿಗೆ ಹೊಸಬರ ಒಂದು ಗುಂಪು ಬಂತು. ಅದರಲ್ಲಿ ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ತಮೂರೋ, ಚಿತ್ರಾಲದ ದಕ್ಷಿಣದ ಅಶ್ರೇತ್ ಎಂಬ ಕಣಿವೆಯವನು. ಲೊವಾರಿ ಇಳಿದ ಕೂಡಲೇ ಸಿಗುವ ಊರು ಅದು. ಗೆಳೆಯನಿಗೆ ತನ್ನ ನಾಡಿನವನು ಸಿಕ್ಕಿದ ಸಂಭ್ರಮ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖೋವಾರಿನಲ್ಲಿ ಮಾತಾಡಿದ. ಹುಡುಗನೂ ಖೋವಾರಿನಲ್ಲೇ ಉತ್ತರಿಸುತ್ತಿದ್ದ. ಚಿತ್ರಾಲದಲ್ಲಿ ಅದು ಎಲ್ಲರಿಗೂ ಬರುವ ಭಾಷೆ, ಪೇಟೆಯ ಭಾಷೆ. ನಾನು ಹಾಳೆ ತಂದೆ. ಹುಡುಗನಿಗೆ ಇಂಗ್ಲಿಷ್ ಬರೆಯುವುದು ಕಷ್ಟವಾಗಬಹುದು ಎಂದು ಗೆಳೆಯನೇ ಪೆನ್ನು ತೆಗೆದುಕೊಂಡು ತುಂಬತೊಡಗಿದ. ಹೆಸರು, ಊರು, ಹುಟ್ಟಿದ ತಾರೀಕು. ಮಾತೃಭಾಷೆಯ ಕಡೆ ಬಂದಾಗ ಕೇಳಲೂ ಇಲ್ಲ, ಬರೆದ: ದಂಗಾರಿಕ್‌ವಾರ್.

ಆ ಪದವನ್ನು ನಾನು ಮೊದಲು ಕೇಳಿರಲಿಲ್ಲ. ಆದರೆ ಕೊನೆಯ 'ವಾರ್' ಗುರುತು ಸಿಕ್ಕಿತು. ಖೋವಾರಿನವರು ನೆರೆಯವರ ಭಾಷೆಗಳಿಗೆ ಹೀಗೆಯೇ ಹೆಸರಿಟ್ಟಿದ್ದಾರೆ. ಯಿದ್ಗಾ ಅವರ ಬಾಯಲ್ಲಿ ಲುಟ್ಕುಹ್‌ವಾರ್, ಕಣಿವೆಯ ಹೆಸರು ಹಿಡಿದು. ಉರ್ತ್ಸುನ್ ಕಣಿವೆಯ ಕಲಾಶರ ಮಾತು ಉರ್ತ್ಸುನಿವಾರ್. ಯಾಸೀನ್‌ನಲ್ಲಿ ಆಡುವ ಬುರುಶಸ್ಕಿ ವೆರ್ಚಿಕ್‌ವಾರ್. ಕಲಾಶರು ತಮ್ಮ ಭಾಷೆಗೆ ಹೇಳಿಕೊಳ್ಳುವುದು ಕಲಾಶಮೋನ್, ಅಲ್ಲಿ ಮೋನ್ ಅಂದರೆ ಮಾತು. ಆದರೆ ಪೇಟೆಯ ಭಾಷೆ ಯಾರದ್ದೋ, ಹೆಸರಿಡುವುದೂ ಅವರೇ. ಎರಡು ವರ್ಷ ನಾವಿಬ್ಬರೂ ಹೊರಗಿನವರು ಇಟ್ಟ ಹೆಸರುಗಳ ಬಗ್ಗೆ ಅಷ್ಟೊಂದು ಮಾತಾಡಿದ್ದೆವು. ಇದು ಒಮ್ಮೆಯೂ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ. ನನ್ನ ಭಾಷೆಯೂ ಅಮ್ಮನ ಭಾಷೆಯನ್ನು ಅರೆ ಎಂದ ಭಾಷೆಯೇ ಅಲ್ವಾ.

ಹುಡುಗ ಹಾಳೆ ನೋಡಿದ. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಪೆನ್ನು ಕೇಳಿದ. ಗೆಳೆಯ ಕೊಟ್ಟ. ಆ ಪದದ ಮೇಲೆ ಒಂದು ಗೆರೆ ಎಳೆದ, ನೇರವಾಗಿ, ಸ್ಕೇಲ್ ಇಟ್ಟ ಹಾಗೆ. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲೇ ಬರೆದ: ಪಾಲುಲಾ. ಬರೆಯುವುದು ಅವನಿಗೆ ಕಷ್ಟವೇನೂ ಇರಲಿಲ್ಲ.

ಯಾರೂ ಮಾತಾಡಲಿಲ್ಲ. ಗೆಳೆಯನ ಕಿವಿ ಕೆಂಪಾಗಿತ್ತು. ಅವನು ಹಾಳೆಯನ್ನು ಹತ್ತಿರ ತಂದುಕೊಂಡು ಓದಿದ. ಆಮೇಲೆ ಹುಡುಗನಿಗೆ ಏನೋ ಕೇಳಿದ, ಖೋವಾರಿನಲ್ಲಿ. ಹುಡುಗ ಹೇಳಿದ. ಗೆಳೆಯ ತಿರುಗಿ ಹೇಳಿದ. ಹುಡುಗ ತಲೆಯಾಡಿಸಿ, ಇನ್ನೊಮ್ಮೆ ನಿಧಾನವಾಗಿ ಹೇಳಿದ. ಮೂರನೆಯ ಸಲಕ್ಕೆ ಸರಿಯಾಯಿತು ಅನ್ನಿಸುತ್ತದೆ, ಹುಡುಗ ನಕ್ಕ. ಏನು ಕೇಳಿದೆ ಎಂದು ನಾನು ಆಮೇಲೆ ಗೆಳೆಯನ ಹತ್ತಿರ ವಿಚಾರಿಸಿದೆ. 'ದಂಗರ್' ಅಂದರೆ ದನ, ಆ ಹೆಸರಿನಲ್ಲಿ 'ದನದ ಜನ' ಎಂಬ ಅರ್ಥ ಇದೆ ಎಂದು ತನಗೆ ಗೊತ್ತಿತ್ತು, ಆದರೆ ಚಿಕ್ಕಂದಿನಿಂದ ಎಲ್ಲರೂ ಹೇಳುತ್ತಿದ್ದರು, ತಾನೂ ಹೇಳುತ್ತಿದ್ದೆ ಎಂದ. ಅವತ್ತು ಕೇಳಿದ್ದು ಇಷ್ಟು: ನಿಮ್ಮ ಹೆಸರನ್ನು ನೀವು ಹೇಳುವ ಹಾಗೆ ಹೇಗೆ ಹೇಳಬೇಕು?

ಆ ಸಂಜೆ ಗಾಡಿಯಲ್ಲಿ ನಾವು ಮೂವರು. ಹುಡುಗನನ್ನು ಅವನ ಕ್ಯಾಂಪಿಗೆ ಬಿಡಬೇಕಿತ್ತು. ಹಜರ್ ಬೆಟ್ಟದ ಹಿಂದಿನಿಂದ ಕತ್ತಲೆ ಬರುತ್ತಿತ್ತು. ರಸ್ತೆಯಲ್ಲಿ ಮತ್ತೆ ಗಾಡಿಗಳ ಸಾಲು. ಗೆಳೆಯ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ, ನನಗೂ ಅರ್ಥವಾಗಲಿ ಎಂದು ಉರ್ದುವಿನಲ್ಲಿ ಹೇಳಿದ: "ನಿನ್ನ ಭಾಷೆಯಲ್ಲಿ ಎಣಿಸು." ಹುಡುಗ ಕಿಟಕಿಯ ಹೊರಗಿನ ಗಾಡಿಗಳನ್ನು ನೋಡಿ ಒಂದರಿಂದ ಶುರು ಮಾಡಿದ. ಗೆಳೆಯ ಒಂದೊಂದನ್ನೂ ತಿರುಗಿ ಹೇಳುತ್ತಾ ಹೋದ.